ಸಾವಿನ ಮನೆಯ ಅಂಗಳ ಈಗ ಫೋನಿನಲ್ಲೂ ಇದೆ

ನಮ್ಮ ಜಿಲ್ಲೆಯಲ್ಲಿ ಸಾವಿನ ಸುದ್ದಿ ಈಗ ಹಲಗಿ ಸದ್ದಿಗಿಂತ ಮೊದಲು ಫೋನಿಗೆ ಬರುತ್ತದೆ. ಒಂದು ಫೋಟೊ, ಕೆಳಗೆ ‘ಭಾವಪೂರ್ಣ ಶ್ರದ್ಧಾಂಜಲಿ’, ಮಣ್ಣು ಎಷ್ಟು ಗಂಟೆಗೆ ಎಂಬ ಒಂದು ಸಾಲು. ದುಡಿಯಲು ಬೆಂಗಳೂರು, ಗೋವಾಕ್ಕೆ ಹೋದವರು ಮಣ್ಣಿಗೆ ಬರಲಾಗದಿದ್ದರೂ ಅಲ್ಲಿಂದಲೇ ‘ಓಂ ಶಾಂತಿ’ ಎಂದು ಹಾಕಿ ಕೈ ಮುಗಿಯುತ್ತಾರೆ. ಇದು ಒಳ್ಳೆಯದೇ. ಆದರೆ ಅದೇ ಫೋಟೊದ ಕೆಳಗೆ ಯಾರೋ ಒಬ್ಬ ನಗುವ ಎಮೋಜಿ ಒತ್ತುತ್ತಾನೆ. ಇನ್ನೊಬ್ಬ ‘ಭೂಮಿ ಭಾರ ಕಡಿಮೆ ಆಯ್ತು’ ಎಂದು ಬರೆಯುತ್ತಾನೆ. ಸತ್ತವರ ಮಗ, ಮಗಳು, ಹೆಂಡತಿ ಅದನ್ನು ಓದುತ್ತಾರೆ.

ಸುದ್ದಿ ಕಳಿಸುವ ನಾವು ಇದನ್ನು ದಿನವೂ ನೋಡುತ್ತೇವೆ. ಅತಿ ಕೆಟ್ಟ ಮಾತು ಬರುವುದು ರೈತರ ಆತ್ಮಹತ್ಯೆಯ ಸುದ್ದಿಗೆ. ‘ಕುಡುಕ ಇರಬೇಕು’, ‘ಪರಿಹಾರದ ಆಸೆಗೆ ಸತ್ತ’ ಎನ್ನುವವರಿಗೆ ಆ ಮನೆಯ ಸಾಲ ಎಷ್ಟು, ಎಷ್ಟು ಸಲ ಬಿತ್ತಿ ಎಷ್ಟು ಸಲ ಬೆಳೆ ಒಣಗಿತು ಎಂಬುದು ಗೊತ್ತಿರುವುದಿಲ್ಲ. ಇಂಥ ಮಾತು ದೊಡ್ಡವರ ಬಾಯಿಂದಲೂ ಬಂದಿದೆ. 2023ರ ಸೆಪ್ಟೆಂಬರಿನಲ್ಲಿ ಸಚಿವ ಶಿವಾನಂದ ಪಾಟೀಲರು, ಪರಿಹಾರದ ಮೊತ್ತ 5 ಲಕ್ಷಕ್ಕೆ ಏರಿದ ಮೇಲೆ ಆತ್ಮಹತ್ಯೆಯ ವರದಿಗಳು ಹೆಚ್ಚಿದವು ಎಂಬರ್ಥದ ಮಾತಾಡಿದ್ದರು. ರೈತ ಸಂಘಟನೆಗಳು ಸಿಟ್ಟಿಗೆದ್ದವು. ಮಂತ್ರಿಯೇ ಹಾಗೆಂದ ಮೇಲೆ ಫೋನಿನಲ್ಲಿ ಕಾಮೆಂಟ್ ಹಾಕುವ ಹುಡುಗನಿಗೆ ಯಾವ ಅಳುಕು?

ರಾಜ್ಯದ ದೊಡ್ಡ ಸಾವುಗಳಲ್ಲೂ ಇದನ್ನೇ ಕಂಡೆವು. 2014ರ ಆಗಸ್ಟ್ 22ರಂದು ಯು.ಆರ್. ಅನಂತಮೂರ್ತಿ ತೀರಿಕೊಂಡಾಗ ಮಂಗಳೂರು, ಚಿಕ್ಕಮಗಳೂರುಗಳಲ್ಲಿ ಕೆಲವರು ಪಟಾಕಿ ಹೊಡೆದರು. ಮರುವರ್ಷ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ ಅವರನ್ನು ಮನೆಬಾಗಿಲಲ್ಲೇ ಗುಂಡಿಟ್ಟು ಕೊಂದರು. ಅಂದೇ ಒಬ್ಬ ಆ ಕೊಲೆಗೆ ಖುಷಿಪಟ್ಟು, ಮುಂದಿನ ಸರದಿ ಯಾರದೆಂದು ಟ್ವೀಟ್ ಮಾಡಿದ. 2017ರ ಸೆಪ್ಟೆಂಬರ್ 5ರಂದು ಗೌರಿ ಲಂಕೇಶ್ ಹತ್ಯೆಯಾದಾಗಲೂ ಹಾಗೇ ಆಯಿತು. ಆಗ ಕೇಂದ್ರ ಸಚಿವರಾಗಿದ್ದ ರವಿಶಂಕರ ಪ್ರಸಾದ್ ಅವರೇ, ಕೊಲೆಗೆ ಸಂತೋಷಪಡುವುದು ನಾಚಿಕೆಗೇಡು, ನಮ್ಮ ಸಂಪ್ರದಾಯಕ್ಕೆ ವಿರುದ್ಧ ಎಂದು ಹೇಳಬೇಕಾಯಿತು.

ಇದು ಬರೀ ರಾಜಕೀಯದ ಜಗಳವೂ ಅಲ್ಲ. ಅಪ್ಪು ತೀರಿಕೊಂಡಿದ್ದು 2021ರ ಅಕ್ಟೋಬರ್ 29ರಂದು. ಅವರ ಪತ್ನಿ ಅಶ್ವಿನಿ ಅವರನ್ನು 2024ರ ಏಪ್ರಿಲ್‌ನಲ್ಲಿ ಎಕ್ಸ್ ಖಾತೆಯೊಂದರಲ್ಲಿ, ಆರ್‌ಸಿಬಿ ಸೋಲನ್ನು ಅವರ ವೈಧವ್ಯಕ್ಕೆ ಗಂಟುಹಾಕಿ ಹೀನಾಯವಾಗಿ ಹೀಯಾಳಿಸಿದರು. ಅಭಿಮಾನಿಗಳು ಪೊಲೀಸರಿಗೆ ದೂರು ಕೊಟ್ಟರು. ಗಂಡ ಸತ್ತ ಹೆಣ್ಣುಮಗಳನ್ನು ಶುಭಕಾರ್ಯದಿಂದ ದೂರ ಇಡುವ ಹಳೇ ಕೆಟ್ಟ ಚಾಳಿ ಹೊಸ ಫೋನಿನಲ್ಲಿ ಹೊಸದಾಗಿ ಹುಟ್ಟಿದ್ದು ಹೀಗೆ.

ಹಾಗಾದರೆ ಊರಲ್ಲಿ ಹಗೆ ಇರಲಿಲ್ಲವೇ? ಇತ್ತು, ಈಗಲೂ ಇದೆ. ಹೊಲದ ಬದುವಿಗಾಗಿ ಕೋರ್ಟಿಗೆ ಹೋದವರು, ಪಂಚಾಯಿತಿ ಚುನಾವಣೆಯ ನಂತರ ಮಾತು ಬಿಟ್ಟವರು ಎಲ್ಲ ಊರಲ್ಲೂ ಸಿಗುತ್ತಾರೆ. ಆದರೆ ಹೆಣ ಮನೆ ಮುಂದೆ ಬಂದ ಮೇಲೆ ಅವರೂ ಬರುತ್ತಾರೆ. ಮಾತಾಡದಿದ್ದರೂ ಮೂಲೆಯಲ್ಲಿ ನಿಂತು ಒಂದು ಹಿಡಿ ಮಣ್ಣು ಹಾಕಿ ಹೋಗುತ್ತಾರೆ. ಬರಲು ಮನಸ್ಸಿಲ್ಲದವರು ಮನೆಯಲ್ಲಿ ಉಳಿಯುತ್ತಾರೆ. ಕುಡಿದು ಬಂದು ಬೈಯುವವನಿದ್ದರೆ ಇಬ್ಬರು ಹಿರಿಯರು ಅವನ ತೋಳು ಹಿಡಿದು ಆಚೆ ಕರೆದೊಯ್ಯುತ್ತಾರೆ. ಇದಕ್ಕೆ ಪೊಲೀಸರು ಬೇಕಾಗಿಲ್ಲ, ಕಾಯ್ದೆಯೂ ಬೇಕಾಗಿಲ್ಲ. ಫೋನಿನಲ್ಲಿ ಇಲ್ಲದಿರುವುದು ತೋಳು ಹಿಡಿಯುವ ಆ ಇಬ್ಬರು ಹಿರಿಯರು.

ಸತ್ತವರ ಗುರುತನ್ನು ಕಾಯುವುದರಲ್ಲಿ ನಮ್ಮ ನೆಲ ಹಳೆಯದು. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಮೋರೇರ ಬೆಟ್ಟದಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನ ನೂರಾರು ಶಿಲಾಸಮಾಧಿಗಳಿವೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ 10ನೇ ಶತಮಾನದ ಒಂದು ಕಲ್ಲು ಸಿಕ್ಕಿದೆ. ಹಂದಿಯೊಂದಿಗೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗೆ ಅದನ್ನು ನಿಲ್ಲಿಸಿ, ಪೂಜೆಗೆಂದು ಭೂಮಿಯನ್ನೂ ಬಿಟ್ಟಿದ್ದರು. ಆ ಕಲ್ಲನ್ನು ಪೂಜಿಸದೆ ಉಂಡವನಿಗೆ ಪಾಪ ತಟ್ಟುತ್ತದೆ ಎಂದೂ ಬರೆಸಿದ್ದರು. ಒಂದು ನಾಯಿಯ ನೆನಪಿನ ಕಲ್ಲಿಗೂ ಇಷ್ಟು ಕಾವಲಿತ್ತು.

‘ಸತ್ತರೆಂಬ ಕಾರಣಕ್ಕೆ ತಪ್ಪು ಮಾಡಿದವರನ್ನೂ ಹೊಗಳಬೇಕೇ?’ ಎಂದು ಕೇಳುವವರಿದ್ದಾರೆ. ಬೇಡ. ಪತ್ರಕರ್ತರಾಗಿ ನಾವೇ ಅದನ್ನು ಒಪ್ಪುವುದಿಲ್ಲ. ಶಾಸಕ ತೀರಿಕೊಂಡರೆ ಅವರ ಕಾಲದಲ್ಲಿ ಪೂರ್ತಿಯಾಗದ ಕೆರೆಯ ಬಗ್ಗೆ ಬರೆಯಬಹುದು. ಸಾಹಿತಿ ತೀರಿಕೊಂಡರೆ ಅವರ ವಿಚಾರವನ್ನು ಒಪ್ಪಲಿಲ್ಲ ಎನ್ನಬಹುದು. ಅದನ್ನು ನಿಮ್ಮ ಪುಟದಲ್ಲಿ, ನಿಮ್ಮ ಹೆಸರು ಹಾಕಿ ಬರೆಯಿರಿ. ಮಗಳು ಹಾಕಿದ ಅಪ್ಪನ ಫೋಟೊದ ಕೆಳಗೆ ಬೇಡ. ಅದು ಆ ಮನೆಯ ಅಂಗಳ. ಟೀಕೆಗೆ ಉತ್ತರ ಕೊಡಬಹುದು, ಅಳುವವರೆದುರು ನಗುವುದಕ್ಕೆ ಯಾರೂ ಉತ್ತರ ಕೊಡಲಾರರು.

ಕಾಯ್ದೆ ಇಲ್ಲವೇ ಎಂದರೆ, ಇದೆ. ಸತ್ತವರ ಮಾನ ಕಳೆಯುವ ಮಾತನ್ನು ಮನೆಯವರ ಮನಸ್ಸು ನೋಯಿಸಲೆಂದೇ ಆಡಿದರೆ ಅದೂ ಮಾನನಷ್ಟವಾಗಬಹುದು ಎಂದು ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಹೇಳುತ್ತದೆ. ಎರಡು ವರ್ಷದವರೆಗೆ ಶಿಕ್ಷೆಗೂ ಅವಕಾಶವಿದೆ. ಆದರೆ ಇದಕ್ಕೆ ನೊಂದವರೇ ಕೋರ್ಟಿಗೆ ಹೋಗಿ ದೂರು ಕೊಡಬೇಕು. ಯಲಬುರ್ಗಾ, ಕುಷ್ಟಗಿಯ ಹಳ್ಳಿಯಿಂದ ಕೂಲಿ ಬಿಟ್ಟು, ವಕೀಲರನ್ನು ಹಿಡಿದು ಎಷ್ಟು ಜನ ತಿರುಗಿಯಾರು?

ಬಿಗಿ ಕಾಯ್ದೆ ತಂದರೆ ಸಾಕೆಂದೂ ನಾವು ಹೇಳುವುದಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಂ ‘ಕಿರಿಕಿರಿ’ಯಾಗುವ ಪೋಸ್ಟಿಗೂ ಜೈಲು ಎನ್ನುತ್ತಿತ್ತು. ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಅದನ್ನು ರದ್ದು ಮಾಡಿತು. ಬಾಳ ಠಾಕ್ರೆ ಸತ್ತಾಗ ಮುಂಬೈ ಬಂದ್ ಆದದ್ದನ್ನು ಪ್ರಶ್ನಿಸಿ ಫೇಸ್‌ಬುಕ್ಕಿನಲ್ಲಿ ಬರೆದ ಹುಡುಗಿಯನ್ನೂ, ಅದಕ್ಕೆ ಲೈಕ್ ಒತ್ತಿದ ಅವಳ ಗೆಳತಿಯನ್ನೂ 2012ರಲ್ಲಿ ಬಂಧಿಸಿದ್ದು ಇದೇ ಕಲಂ ಅಡಿಯಲ್ಲಿ. ಅವರು ಯಾರ ಸಾವಿಗೂ ನಕ್ಕಿರಲಿಲ್ಲ, ಪ್ರಶ್ನೆ ಕೇಳಿದ್ದರು ಅಷ್ಟೇ. ಸಾವಿನ ಮರ್ಯಾದೆಯ ಹೆಸರಿನಲ್ಲಿ ಪ್ರಶ್ನೆಯ ಬಾಯಿ ಮುಚ್ಚಿಸುವ ಅಪಾಯವೂ ಇದೆ ಎಂಬುದನ್ನು ಮರೆಯಬಾರದು.

ಆದ್ದರಿಂದ ಕೆಲಸ ನಮ್ಮ ಕೈಯಲ್ಲೇ ಇದೆ. ವಾಟ್ಸ್‌ಆ್ಯಪ್ ಗ್ರೂಪಿನ ಅಡ್ಮಿನ್ ಯಾರ ಮೆಸೇಜನ್ನಾದರೂ ಎಲ್ಲರ ಫೋನಿಗೂ ಅನ್ವಯವಾಗುವಂತೆ ಅಳಿಸಬಹುದು. ಸಾವಿನ ಸುದ್ದಿ ಹಾಕಿದ ದಿನ ಗ್ರೂಪನ್ನು ‘ಅಡ್ಮಿನ್ ಮಾತ್ರ’ ಎಂದು ಮಾಡಿಡಬಹುದು. ಫೇಸ್‌ಬುಕ್‌ಗೆ ಮರಣ ಪ್ರಮಾಣಪತ್ರ ಕೊಟ್ಟು ತೀರಿಕೊಂಡವರ ಖಾತೆಯನ್ನು ಸ್ಮರಣೆಯ ಖಾತೆಯಾಗಿ ಉಳಿಸಬಹುದು, ಇಲ್ಲವೇ ತೆಗೆಸಬಹುದು. ಕೆಟ್ಟ ಕಾಮೆಂಟ್ ಕಂಡರೆ ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಆಮೇಲೆ ಅಳಿಸಿ. ಅದಕ್ಕೆ ಉತ್ತರ ಬರೆಯಬೇಡಿ. ಬೈದವನಿಗೆ ಬೇಕಾಗಿರುವುದೇ ಜಗಳ. ಹತ್ತು ಜನ ತಿರುಗಿ ಬೈದರೆ ಸತ್ತವರ ಫೋಟೊ ಕೆಳಗೆ ಉಳಿಯುವುದು ಬೈಗುಳವೇ.

ಇನ್ನೊಂದು ಕೆಲಸವಿದೆ. ಹಾಗೆ ಬರೆದವನು ನಮ್ಮೂರಿನವನೇ ಆಗಿದ್ದರೆ, ನಮ್ಮ ಅಳಿಯನೋ ತಮ್ಮನೋ ಗೆಳೆಯನೋ ಆಗಿದ್ದರೆ, ಎಲ್ಲರೆದುರು ಅವಮಾನ ಮಾಡದೆ ಅವನ ನಂಬರಿಗೆ ಫೋನ್ ಮಾಡಿ ಹೇಳಬೇಕು: ‘ತಮ್ಮಾ, ಅದನ್ನ ತೆಗಿ. ಆ ಮನಿಯಾಗ ಇನ್ನೂ ಒಲಿ ಹಚ್ಚಿಲ್ಲ.’