ರನ್ ಎಣಿಸಿದರೆ ಸಾಲದು, ಎಸೆತವನ್ನೂ ಎಣಿಸಬೇಕು

2020ರ ಐಪಿಎಲ್ ಮುಗಿದಾಗ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡದ ಪರ ಹೆಚ್ಚು ರನ್ ಗಳಿಸಿದ್ದವರು ವಿರಾಟ್ ಕೊಹ್ಲಿಯೂ ಅಲ್ಲ, ಎಬಿ ಡಿವಿಲಿಯರ್ಸ್ ಕೂಡ ಅಲ್ಲ. ಆಗಷ್ಟೇ 20 ತುಂಬಿದ್ದ ದೇವದತ್ತ ಪಡಿಕ್ಕಲ್. ಕೊಹ್ಲಿ 466, ಡಿವಿಲಿಯರ್ಸ್ 454, ಪಡಿಕ್ಕಲ್ 473. ಐದು ಅರ್ಧಶತಕಗಳು, ಜೊತೆಗೆ ಟೂರ್ನಿಯ ಉದಯೋನ್ಮುಖ ಆಟಗಾರ ಪ್ರಶಸ್ತಿ. ಕೇರಳದ ಎಡಪ್ಪಾಳದಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಆಟ ಕಲಿತು, ಕರ್ನಾಟಕದ ಟೋಪಿ ತೊಟ್ಟ ಹುಡುಗ ಮೊದಲ ಋತುವಿನಲ್ಲೇ ಇಷ್ಟು ಮಾಡಿದಾಗ ಕನ್ನಡಿಗರು ಹೆಮ್ಮೆಪಟ್ಟದ್ದು ಸಹಜ. ಆ ಹೆಮ್ಮೆಯಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅದೇ ಸ್ಕೋರ್‌ಕಾರ್ಡಿನ ಪಕ್ಕದ ಕಾಲಂನಲ್ಲಿ ಇನ್ನೊಂದು ಸಂಖ್ಯೆಯೂ ಅಚ್ಚಾಗಿತ್ತು: 473 ರನ್ನಿಗೆ ಅವರು ತೆಗೆದುಕೊಂಡ ಎಸೆತಗಳು 379. ಸ್ಟ್ರೈಕ್ ರೇಟ್ 124.80. ಯುವ ಆಟಗಾರನ ಒಂದು ಋತುವನ್ನು ತೂಗುವಾಗ ಈ ಎರಡನೆಯ ಸಂಖ್ಯೆಯನ್ನು ಮೊದಲನೆಯದರಷ್ಟೇ ಗಂಭೀರವಾಗಿ ಓದಬೇಕು ಎಂಬುದು ನನ್ನ ವಾದ. ಹಾಗೆ ಓದದಿದ್ದರೆ ನಷ್ಟವಾಗುವುದು ಆ ಆಟಗಾರನಿಗೇ.

ಟಿ20 ಪಂದ್ಯದಲ್ಲಿ ತಂಡದ ಕೈಲಿರುವುದು 120 ಎಸೆತ, ಹತ್ತು ವಿಕೆಟ್. ಸರಾಸರಿ ಹನ್ನೆರಡು ಎಸೆತಕ್ಕೊಂದು ವಿಕೆಟ್ ಖರ್ಚು ಮಾಡಿದರೂ ಇನಿಂಗ್ಸ್ ಪೂರ್ತಿಯಾಗುತ್ತದೆ. ಐವತ್ತು ಓವರಿನ ಆಟದಲ್ಲಿ ಅಷ್ಟೇ ವಿಕೆಟ್‌ಗಳಲ್ಲಿ 300 ಎಸೆತ ದಾಟಬೇಕು. ಟೆಸ್ಟ್‌ನಲ್ಲಂತೂ ಎಸೆತಕ್ಕೆ ಮಿತಿಯೇ ಇಲ್ಲ. ಆದ್ದರಿಂದ ದೊಡ್ಡ ಪಂದ್ಯದಲ್ಲಿ ವಿಕೆಟ್ ದುಬಾರಿ, ಚುಟುಕು ಪಂದ್ಯದಲ್ಲಿ ಎಸೆತ ದುಬಾರಿ. ತುಂಗಭದ್ರಾ ಕಾಲುವೆ ಕೆಳಗೆ ಭತ್ತ ಬೆಳೆಯುವ ಮಾನ್ವಿ, ಸಿರವಾರದ ರೈತ ನೆರೆಯವನ ಕಣದಲ್ಲಿ ಎಷ್ಟು ಚೀಲ ಬಿದ್ದಿದೆ ಎಂದಷ್ಟೇ ನೋಡಿ ಬೆಳೆ ಚೆನ್ನಾಗಿದೆ ಎನ್ನುವುದಿಲ್ಲ, ಎಕರೆಗೆ ಎಷ್ಟು ಬಂತು ಎಂದು ಕೇಳುತ್ತಾನೆ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಕೂಡ ಈ ಪ್ರಶ್ನೆಗೆ ಬಹಳ ಹಿಂದೆಯೇ ಬಂದು ನಿಂತಿತು. ಅಲ್ಲಿ ಯುವ ಫಾರ್ವರ್ಡ್ ಒಬ್ಬ ಪಂದ್ಯಕ್ಕೆ ಇಪ್ಪತ್ತು ಅಂಕ ಗಳಿಸಿದ ಎಂದರೆ, ಆ ಇಪ್ಪತ್ತಕ್ಕೆ ಎಷ್ಟು ಬಾರಿ ಬುಟ್ಟಿಯತ್ತ ಚೆಂಡೆಸೆದ, ಅದರಲ್ಲಿ ಮೂರು ಅಂಕದ ಎಸೆತಗಳೆಷ್ಟು, ಫ್ರೀ ಥ್ರೋ ಎಷ್ಟು ಎಂದು ಲೆಕ್ಕ ಹಾಕಿ ಆಮೇಲೆ ಮಾತಾಡುತ್ತಾರೆ. ಕ್ರಿಕೆಟ್‌ನಲ್ಲಿ ಮಾತ್ರ ನಾವು ಈಗಲೂ ಒಟ್ಟು ರನ್ನಿನ ಪಟ್ಟಿ ನೋಡಿ ಚಪ್ಪಾಳೆ ತಟ್ಟುತ್ತೇವೆ.

ಪಡಿಕ್ಕಲ್ ಋತುವನ್ನು ಬಿಡಿಸಿ ನೋಡೋಣ. ಅದೇ ವರ್ಷ, ಅದೇ ಯುಎಇ ಮೈದಾನಗಳಲ್ಲಿ ಮುಂಬೈ ಇಂಡಿಯನ್ಸ್‌ನ ಸೂರ್ಯಕುಮಾರ್ ಯಾದವ್ 480 ರನ್ ಗಳಿಸಿದರು. ಪಡಿಕ್ಕಲ್‌ಗಿಂತ ಬರೀ ಏಳು ಹೆಚ್ಚು. ಆದರೆ ಅವರಿಗೆ ಬೇಕಾದದ್ದು 331 ಎಸೆತ. ಅಂದರೆ ಹೆಚ್ಚುಕಡಿಮೆ ಅಷ್ಟೇ ರನ್ನಿಗೆ ಪಡಿಕ್ಕಲ್ 48 ಎಸೆತ, ಪೂರ್ತಿ ಎಂಟು ಓವರ್, ಹೆಚ್ಚು ಬಳಸಿದ್ದಾರೆ. ಇಷ್ಟು ಹೇಳಿ ‘ನಿಧಾನ’ ಎಂದು ಹಣೆಪಟ್ಟಿ ಅಂಟಿಸಿದರೆ ಅದು ಅರ್ಧ ವಿಮರ್ಶೆ. ನಿಧಾನವಾದದ್ದು ಎಲ್ಲಿ ಎಂದು ಕೇಳಬೇಕು. ಆ ಋತುವಿನಲ್ಲಿ ಅತಿ ಹೆಚ್ಚು ರನ್ನಿಗೆ ಕೊಡುವ ಕಿತ್ತಳೆ ಟೋಪಿ ಗೆದ್ದವರು ಇನ್ನೊಬ್ಬ ಕನ್ನಡಿಗ ಕೆ.ಎಲ್. ರಾಹುಲ್: 518 ಎಸೆತಗಳಲ್ಲಿ 670 ರನ್, 58 ಬೌಂಡರಿ, 23 ಸಿಕ್ಸರ್. ಪಡಿಕ್ಕಲ್ ಹೊಡೆದದ್ದು 51 ಬೌಂಡರಿ, 8 ಸಿಕ್ಸರ್. ಈಗ ಭಾಗಿಸಿ. ರಾಹುಲ್ 6.4 ಎಸೆತಕ್ಕೊಮ್ಮೆ ಚೆಂಡನ್ನು ಗೆರೆ ದಾಟಿಸಿದ್ದಾರೆ, ಪಡಿಕ್ಕಲ್ ಕೂಡ 6.4 ಎಸೆತಕ್ಕೊಮ್ಮೆ. ನಾಲ್ಕು, ಆರುಗಳನ್ನು ಬದಿಗಿಟ್ಟು ಉಳಿದ ಎಸೆತಗಳನ್ನು ನೋಡಿದರೆ ಅಲ್ಲಿಯೂ ಇಬ್ಬರದು ಎಸೆತಕ್ಕೆ 0.69 ರನ್. ಒಂಟಿ-ಜೋಡಿ ರನ್ ಓಡುವುದರಲ್ಲಾಗಲಿ, ಗೆರೆ ದಾಟಿಸುವ ಆವರ್ತನದಲ್ಲಾಗಲಿ ಇಪ್ಪತ್ತರ ಹುಡುಗ ಆಗಲೇ ಭಾರತ ತಂಡದಲ್ಲಿ ನೆಲೆಯೂರಿದ್ದ ರಾಹುಲ್‌ಗೆ ಸರಿಸಮ. ವ್ಯತ್ಯಾಸವಿರುವುದು ಒಂದೇ ಕಡೆ. ರಾಹುಲ್ ಗೆರೆ ದಾಟಿಸಿದ ನೂರು ಹೊಡೆತಗಳಲ್ಲಿ ಸುಮಾರು 28 ಸಿಕ್ಸರ್, ಪಡಿಕ್ಕಲ್ ಅವರಲ್ಲಿ ಸುಮಾರು 14. ಅದೇ 59 ಹೊಡೆತಗಳಲ್ಲಿ ರಾಹುಲ್ ಪ್ರಮಾಣದಲ್ಲಿ ಸಿಕ್ಸರ್ ಬಂದಿದ್ದರೆ ಪಡಿಕ್ಕಲ್ ಸ್ಟ್ರೈಕ್ ರೇಟ್ ಕೂಡ 129ರ ಆಸುಪಾಸಿಗೆ ಏರುತ್ತಿತ್ತು. ರಾಹುಲ್ ಅವರದ್ದು 129.34. ಇದರ ಅರ್ಥ ಆಟ ಬಲ್ಲವರಿಗೆ ತಕ್ಷಣ ಹೊಳೆಯುತ್ತದೆ. ಪವರ್‌ಪ್ಲೇಯ ಆರು ಓವರ್‌ಗಳಲ್ಲಿ ವೃತ್ತದ ಹೊರಗೆ ಇಬ್ಬರೇ ಫೀಲ್ಡರ್; ಸೊಗಸಾದ ಕವರ್ ಡ್ರೈವ್‌ಗೆ ಅಲ್ಲಿ ನಾಲ್ಕು ರನ್ ಖಚಿತ. ಏಳನೇ ಓವರಿನಿಂದ ಐವರು ಗೆರೆಗೆ ಹೋಗಿ ನಿಂತಾಗ ಅದೇ ಡ್ರೈವ್‌ಗೆ ಒಂದೇ ರನ್. ಅಲ್ಲಿಂದ ಮುಂದೆ ಬೇಕಾಗುವುದು ಚೆಂಡನ್ನು ಗಾಳಿಯಲ್ಲಿ ಗೆರೆಯಾಚೆ ಕಳಿಸುವ ಬಲ. ಹುಡುಗನ ಆಟದಲ್ಲಿ ತುಂಬಬೇಕಾದ ಜಾಗ ಯಾವುದು ಎಂಬುದು 2020ರ ನವೆಂಬರಿನಲ್ಲೇ ಕಾಗದದ ಮೇಲಿತ್ತು.

ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ತೂಕವಿರುವುದು ಒಂದು: ಪಡಿಕ್ಕಲ್‌ಗೆ ತಂಡ ಕೊಟ್ಟ ಪಾತ್ರವೇ ಅದು. ಬೆನ್ನ ಹಿಂದೆ ಕೊಹ್ಲಿ, ಡಿವಿಲಿಯರ್ಸ್ ಇದ್ದಾಗ ಆರಂಭಿಕನ ಕೆಲಸ ವಿಕೆಟ್ ಉಳಿಸಿ ಬುನಾದಿ ಹಾಕುವುದು. ಪಾತ್ರದ ಮಿತಿಯನ್ನು ಆಟಗಾರನ ಮಿತಿ ಎಂದು ಬರೆಯುವುದು ಅನ್ಯಾಯ. ಈ ಮಾತನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಅದಕ್ಕೆ ಬಲವಾದ ಸಾಕ್ಷ್ಯವೂ ಇದೆ. ಅದರ ಹಿಂದಿನ ಋತುವಿನ ದೇಶಿ ಟಿ20 ಟೂರ್ನಿ ಸೈಯದ್ ಮುಷ್ತಾಕ್ ಅಲಿ ಟ್ರೋಫಿಯಲ್ಲಿ, ಕರ್ನಾಟಕ ಚಾಂಪಿಯನ್ ಆದಾಗ, ಇದೇ ಪಡಿಕ್ಕಲ್ 580 ರನ್ ಗಳಿಸಿದ್ದು 175.75ರ ಸ್ಟ್ರೈಕ್ ರೇಟಿನಲ್ಲಿ. ಬೌಲಿಂಗ್ ಮಟ್ಟ ಬೇರೆ, ನಿಜ. ಆದರೂ ಹೊಡೆಯಲು ಬಾರದ ಹುಡುಗ ಇವನಲ್ಲ ಎಂದು ತೋರಿಸಲು ಅಷ್ಟು ಸಾಕು. ಹಾಗಿದ್ದರೆ ಪ್ರಶ್ನೆ ತಂಡದ ಕಡೆಗೂ ತಿರುಗುತ್ತದೆ: ಮೂವರು ಅಗ್ರ ಬ್ಯಾಟರ್‌ಗಳಲ್ಲಿ ಕೊಹ್ಲಿ 121, ಪಡಿಕ್ಕಲ್ 125ರ ವೇಗದಲ್ಲಿ ಆಡಿ, ಡಿವಿಲಿಯರ್ಸ್ ಒಬ್ಬರೇ 158ರಲ್ಲಿ ಉಳಿದದ್ದನ್ನು ಎಳೆಯಬೇಕಾಗಿ ಬಂದದ್ದು ಸರಿಯಾದ ಯೋಜನೆಯೇ? ಆ ತಂಡ ಎಲಿಮಿನೇಟರ್‌ನಲ್ಲಿ ಹೊರಬಿತ್ತು. ಅಂಕಿಅಂಶ ಇಲ್ಲಿ ಹುಡುಗನನ್ನು ಕಟಕಟೆಗೆ ನಿಲ್ಲಿಸುವುದಕ್ಕಿಂತ, ಅವನನ್ನು ಬಳಸಿಕೊಂಡ ರೀತಿಯನ್ನು ಪ್ರಶ್ನಿಸುತ್ತದೆ.

ಒಂದು ಋತು, 379 ಎಸೆತ, ಇಷ್ಟರಿಂದ ತೀರ್ಪು ಕೊಡಬಹುದೇ ಎಂಬುದು ಇನ್ನೊಂದು ಆಕ್ಷೇಪ. ಒಂದನ್ನೇ ನೋಡಿ ಕೊಡಬಾರದು. ಮುಂದಿನದನ್ನೂ ಸೇರಿಸಿ ನೋಡಬೇಕು. 2021ರಲ್ಲಿ ವಾಂಖೆಡೆಯಲ್ಲಿ ರಾಜಸ್ಥಾನದ ವಿರುದ್ಧ 52 ಎಸೆತಗಳಲ್ಲಿ ಔಟಾಗದೆ 101 ಹೊಡೆದ ಅದ್ಭುತ ಇನಿಂಗ್ಸ್ ಇದ್ದರೂ ಋತುವಿನ ಸ್ಟ್ರೈಕ್ ರೇಟ್ 125.30ರಲ್ಲೇ ನಿಂತಿತು. 2022ರಲ್ಲಿ ರಾಜಸ್ಥಾನ್ ರಾಯಲ್ಸ್ 7.75 ಕೋಟಿ ರೂಪಾಯಿ ಕೊಟ್ಟು ಕೊಂಡಿತು. ಆ ವರ್ಷ 122.87. ಮೂರು ಋತು, 46 ಪಂದ್ಯ, ಸಾವಿರಕ್ಕೂ ಹೆಚ್ಚು ಎಸೆತ, 1,260 ರನ್. ವೇಗ ಮಾತ್ರ 124ರ ಸುತ್ತಲೇ. ಇದು ಆಕಸ್ಮಿಕವಲ್ಲ. 2024ರಲ್ಲಿ ಲಖನೌ ಪರ ಏಳು ಪಂದ್ಯಗಳಲ್ಲಿ 38 ರನ್ ಬಂದ ಮೇಲೆ, ಜೆಡ್ಡಾದ ಮೆಗಾ ಹರಾಜಿನಲ್ಲಿ ಮೊದಲ ಸುತ್ತಿನಲ್ಲಿ ಯಾರೂ ಕೂಗಲಿಲ್ಲ. ಕೊನೆಗೆ ಬೆಂಗಳೂರು 2 ಕೋಟಿಗೆ ಕರೆದುಕೊಂಡಿತು. 2025ರಲ್ಲಿ, ತಂಡ ಮೊದಲ ಬಾರಿ ಕಪ್ ಎತ್ತಿದ ಆ ಋತುವಿನಲ್ಲಿ, ಗಾಯಗೊಂಡು ಹೊರಗೆ ಕೂರುವ ಮುನ್ನ ಹತ್ತು ಪಂದ್ಯಗಳಲ್ಲಿ 247 ರನ್, ಸ್ಟ್ರೈಕ್ ರೇಟ್ 150.60. ಒಟ್ಟು ರನ್ನಿನ ಪಟ್ಟಿಯಲ್ಲಿ ಈ 247 ಎಲ್ಲೋ ಕೆಳಗೆ ಬೀಳುತ್ತದೆ. ತಂಡಕ್ಕೆ ಪ್ರತಿ ಎಸೆತದಲ್ಲಿ ಕೊಟ್ಟದ್ದನ್ನು ನೋಡಿದರೆ ಇದು 473ರ ಋತುವಿಗಿಂತ ಬೆಲೆಯುಳ್ಳದ್ದು ಎಂದು ನಾನು ಹೇಳುತ್ತೇನೆ. ಎಚ್ಚರಿಕೆಗಳೂ ಇವೆ. 164 ಎಸೆತ ಎಂಬುದು 379ಕ್ಕಿಂತಲೂ ಚಿಕ್ಕ ಮಾದರಿ. 2023ರಲ್ಲಿ ಪಂದ್ಯದ ನಡುವೆ ಒಬ್ಬರನ್ನು ಬದಲಿಸಲು ಬಿಡುವ ಇಂಪ್ಯಾಕ್ಟ್ ಆಟಗಾರನ ನಿಯಮ ಬಂದ ಮೇಲೆ ಲೀಗ್‌ನ ವೇಗವೇ ಏರಿದೆ, ಆದ್ದರಿಂದ 2025ರ 150ನ್ನು 2020ರ 125ರ ಪಕ್ಕ ಹಾಗೇ ಇಟ್ಟು ಅಳೆಯಬಾರದು. ಸಂಖ್ಯೆಯನ್ನು ಅದರ ಕಾಲದ ಸಂಖ್ಯೆಗಳ ಜೊತೆಗೇ ಇಟ್ಟು ನೋಡಬೇಕು.

ಸಂಖ್ಯೆಗಳಿಗೆ ಕಟ್ಟುಬಿದ್ದರೆ ಪಡಿಕ್ಕಲ್‌ರಂಥ ಸೊಗಸುಗಾರ ಆಟಗಾರನನ್ನು ಕಳೆದುಕೊಳ್ಳುತ್ತೇವೆ ಎಂಬ ಭಯ ಕರ್ನಾಟಕದಲ್ಲಿ ವಿಶೇಷವಾಗಿ ಕೇಳುತ್ತದೆ. ವಿಶ್ವನಾಥ್, ದ್ರಾವಿಡ್ ಅವರನ್ನು ಕಂಡ ನಾಡಿದು. ಆದರೆ ಸರಿಯಾದ ಸಂಖ್ಯೆ ಆ ಸೊಗಸಿಗೆ ತಕ್ಕ ಜಾಗವನ್ನೂ ತೋರಿಸುತ್ತದೆ. 2020-21ರ ಐವತ್ತು ಓವರಿನ ವಿಜಯ್ ಹಜಾರೆ ಟ್ರೋಫಿಯಲ್ಲಿ ಪಡಿಕ್ಕಲ್ ಏಳು ಪಂದ್ಯಗಳಲ್ಲಿ 737 ರನ್ ಗಳಿಸಿದರು, ಸತತ ನಾಲ್ಕು ಶತಕ, ಸರಾಸರಿ 147.40. ವಿಕೆಟ್ ದುಬಾರಿಯಾದ ಆಟದಲ್ಲಿ ಸರಾಸರಿಯೇ ಮುಖ್ಯ ಅಳತೆ, ಆ ಅಳತೆಯಲ್ಲಿ ಅವರ ಸಮಕ್ಕೆ ನಿಲ್ಲುವವರು ವಿರಳ. 2024ರ ಮಾರ್ಚ್‌ನಲ್ಲಿ ಧರ್ಮಶಾಲಾದಲ್ಲಿ ಇಂಗ್ಲೆಂಡ್ ವಿರುದ್ಧ ಟೆಸ್ಟ್ ಪದಾರ್ಪಣೆಯಲ್ಲೇ 65 ಹೊಡೆದರು. ನಮ್ಮ ರಾಯಚೂರಿನಲ್ಲೇ ಹುಟ್ಟಿದ ಯರೇಗೌಡರನ್ನು ನೆನೆಯಿರಿ. ರೈಲ್ವೇಸ್ ಪರ ವರ್ಷಗಟ್ಟಲೆ ಕ್ರೀಸಿಗೆ ಅಂಟಿಕೊಂಡು ಆಡಿ, ಪ್ರಥಮ ದರ್ಜೆಯಲ್ಲಿ ಏಳು ಸಾವಿರಕ್ಕೂ ಹೆಚ್ಚು ರನ್ ಗಳಿಸಿದವರು. ಅವರ ಕಾಲದಲ್ಲಿ ರೈಲ್ವೇಸ್ ರಣಜಿ ಟ್ರೋಫಿ ಗೆದ್ದಿತು. ಭಾರತ ತಂಡದ ಬಾಗಿಲು ಅವರಿಗೆ ತೆರೆಯಲೇ ಇಲ್ಲ. ಅಂಥ ಬ್ಯಾಟರ್‌ನ ನಿಜವಾದ ಕೊಡುಗೆ ಇರುವುದು ಅವನು ಎದುರಿಸಿದ ಎಸೆತಗಳಲ್ಲಿ, ಎದುರಾಳಿ ಬೌಲರ್‌ಗಳನ್ನು ದಣಿಸಿದ ಗಂಟೆಗಳಲ್ಲಿ. ಪತ್ರಿಕೆಯ ಸ್ಕೋರು ಪಟ್ಟಿಯಲ್ಲಿ ಅದು ಕಾಣುವುದಿಲ್ಲ. ಟಿ20ಯಲ್ಲಿ ಕಡಿಮೆ ಎಸೆತ ತಿಂದವನನ್ನೂ, ರಣಜಿಯಲ್ಲಿ ಹೆಚ್ಚು ಎಸೆತ ತಿಂದವನನ್ನೂ ಗುರುತಿಸುವುದು ಎಸೆತಗಳ ಅದೇ ಒಂದು ಕಾಲಂ.

ಇಂದು ಫ್ರಾಂಚೈಸಿಗಳು ಎಸೆತ-ಎಸೆತದ ದಾಖಲೆ ಮುಂದಿಟ್ಟುಕೊಂಡು ಹರಾಜಿಗೆ ಕೂರುತ್ತವೆ. ಆ ದಾಖಲೆಯಲ್ಲಿ ಇಲ್ಲದ ಹುಡುಗ ಅವರ ಪಾಲಿಗೆ ಇಲ್ಲವೇ ಇಲ್ಲ. ಬೆಂಗಳೂರಿನ ಕ್ಲಬ್ ಹುಡುಗನ ಆಟ ವಿಡಿಯೊದಲ್ಲಿ ಸಿಗುತ್ತದೆ. ಸಿರವಾರ, ದೇವದುರ್ಗದ ಮೈದಾನದಲ್ಲಿ 30 ಎಸೆತಕ್ಕೆ 50 ಹೊಡೆದವನೂ 60 ಎಸೆತಕ್ಕೆ 50 ಹೊಡೆದವನೂ ಬರೀ ‘50’ ಆಗಿ ಉಳಿದರೆ, ಆಯ್ಕೆಗಾರರ ಮುಂದೆ ಅವರಿಬ್ಬರನ್ನು ಬೇರೆ ಮಾಡಿ ತೋರಿಸುವ ದಾರಿಯೇ ಇರುವುದಿಲ್ಲ. ಇದಕ್ಕೆ ಕ್ಯಾಮೆರಾ, ಕಂಪ್ಯೂಟರ್ ಏನೂ ಬೇಡ. ಗೆರೆ ಹಾಕಿದ ಪುಸ್ತಕ ಮತ್ತು ಶ್ರದ್ಧೆಯಿಂದ ಕೂರುವ ಒಬ್ಬ ಸ್ಕೋರರ್ ಸಾಕು. ರಾಯಚೂರು ವಲಯದ ಪಂದ್ಯಗಳನ್ನು ನಡೆಸುವವರಲ್ಲಿ, ತಾಲ್ಲೂಕು ಮಟ್ಟದ ಟೂರ್ನಿ ಏರ್ಪಡಿಸುವ ಸಂಘಗಳಲ್ಲಿ, ಶಾಲಾ-ಕಾಲೇಜುಗಳ ದೈಹಿಕ ಶಿಕ್ಷಕರಲ್ಲಿ ನನ್ನ ವಿನಂತಿ ಇಷ್ಟೇ: ಈ ಋತುವಿನಿಂದಲೇ ಪ್ರತಿ ಬ್ಯಾಟರ್ ಎದುರಿಸಿದ ಎಸೆತ, ನಾಲ್ಕು, ಆರು, ಬ್ಯಾಟ್ ಬೀಸಿದ ಓವರ್ ಯಾವುದು ಎಂಬುದನ್ನು ಬರೆದಿಡಿ, ಪಂದ್ಯ ಮುಗಿದ ಮೇಲೆ ಆ ಹಾಳೆಯ ಒಂದು ಪ್ರತಿಯನ್ನು ಹುಡುಗನ ಕೈಗೆ ಕೊಡಿ.