ಮೇಜಿನ ಮೇಲಿನ ಎಡೆ



ಊಟದ ಮೇಜು ಈಗ ಹಳ್ಳಿಯ ಮನೆಗಳಿಗೂ ಬಂದಿದೆ. ಅದನ್ನು ಅನಾಚಾರವೆಂದು ಹಳಿಯುವ ಹಿರಿಯರಿದ್ದಾರೆ. ಮೊಣಕಾಲು ನೋವಿನಿಂದ ನೆಲಕ್ಕೆ ಕುಳಿತುಕೊಳ್ಳಲಾರದ ತಾಯಂದಿರನ್ನು ಕಂಡಿರುವ ನಾನು ಆ ಮಾತನ್ನು ಒಪ್ಪಲಾರೆ. ಅಡ್ಡಣಿಗೆಯ ಮೇಲೆ ತಟ್ಟೆಯನ್ನಿಟ್ಟು ಉಣ್ಣುವ ರೂಢಿ ನಮ್ಮಲ್ಲಿ ಹಿಂದಿನಿಂದಲೂ ಉಂಟು. ಮೇಜನ್ನು ತುಸು ಎತ್ತರದ ಅಡ್ಡಣಿಗೆಯೆಂದು ತಿಳಿದರಾಯಿತು.

ತಟ್ಟೆಗೆ ಬಂದದ್ದು ಪ್ರಸಾದ. ಅದರಲ್ಲಿ ಒಂದು ಅಗುಳೂ ಉಳಿಯಬಾರದು. ಉಂಡಾದ ಮೇಲೆ ತಟ್ಟೆಯನ್ನು ನೀರಿನಿಂದ ತೊಳೆದು ಆ ನೀರನ್ನೂ ಕುಡಿಯುವ ನೇಮವನ್ನು ನಿಷ್ಠಾವಂತರು ಇಂದಿಗೂ ಪಾಲಿಸುತ್ತಾರೆ. ಈ ನೇಮ ನಡೆಯಬೇಕಾದರೆ ಬಡಿಸುವ ಕೈ ಮಿತವಾಗಿರಬೇಕು. ಮೊದಲು ಸ್ವಲ್ಪ ಬಡಿಸಿ, ಕೇಳಿ ಮತ್ತೆ ಬಡಿಸುವುದೇ ಕ್ರಮ. ಬೇಡವೆಂದವರ ತಟ್ಟೆಗೆ ಬಲವಂತವಾಗಿ ಹಾಕುವುದನ್ನು ಉಪಚಾರವೆನ್ನಲು ನನ್ನ ಮನಸ್ಸು ಒಪ್ಪದು.

ನಿತ್ಯದ ಊಟಕ್ಕೆ ಹೆಚ್ಚಿನ ಸಂಭ್ರಮ ಬೇಡ. ತಟ್ಟೆಯ ಎಡ ಮೇಲ್ಭಾಗದಲ್ಲಿ ಉಪ್ಪು, ಉಪ್ಪಿನಕಾಯಿ, ಶೇಂಗಾ ಅಥವಾ ಗುರೆಳ್ಳು ಚಟ್ನಿ, ಬಲಕ್ಕೆ ಪಲ್ಯ, ಹಸಿ ಮೆಂತ್ಯಸೊಪ್ಪು, ನಡುವೆ ರೊಟ್ಟಿ. ಬಲಗೈ ಊಟದಲ್ಲಿ ತೊಡಗಿರುವುದರಿಂದ ನೀರಿನ ಲೋಟ ಎಡಗೈಗೆ ಎಟಕುವಂತಿರಲಿ.

ಹಬ್ಬದ ದಿನ ಬಾಳೆಯೆಲೆ ಹಾಕುವವರು ಅದರ ಕುಡಿಯನ್ನು ಉಣ್ಣುವವರ ಎಡಕ್ಕೆ ಬರುವಂತೆ ಇಡಬೇಕು. ನುಣುಪಾದ ಮೇಜಿನ ಮೇಲೆ ಎಲೆ ಜಾರುತ್ತದೆ. ಹೋಳಿಗೆಯ ಸಾರು ಹರಿದು ಅತಿಥಿಯ ಧೋತರದ ಮೇಲೆ ಇಳಿದರೆ ಹಬ್ಬವೇ ಕೆಟ್ಟಿತು! ಅಗಲವಾದ ತಟ್ಟೆಯೊಳಗೆ ಎಲೆಯಿಡುವುದು ಲೇಸು. ಹೋಳಿಗೆಯನ್ನು ಮೊದಲೇ ಬಡಿಸಿ ಆರಲು ಬಿಡಬಾರದು. ಎಲ್ಲರೂ ಕುಳಿತ ಮೇಲೆ ಬಿಸಿಯಾಗಿ ಬಡಿಸಿ ತುಪ್ಪ ಹಾಕಬೇಕು.

ಜಂಗಮರಿಗೆ ಬಿನ್ನಹ ಹೇಳಿದ ದಿನ ಅವರ ನೇಮವನ್ನು ಮುಂಚಿತವಾಗಿ ಕೇಳಿ ತಿಳಿಯಿರಿ. ನೆಲವನ್ನು ಸಾರಿಸಿ ಮಣೆ, ಅಡ್ಡಣಿಗೆ ಹಾಕುವುದು ಸಂಪ್ರದಾಯ. ವಯಸ್ಸಾದ ಅಯ್ಯನವರು ಕುರ್ಚಿಯನ್ನೇ ಬಯಸಿದರೆ ಸಂಕೋಚ ಬೇಡ.

ಮೇಜಿನಿಂದಾಗುವ ನಿಜವಾದ ತೊಡಕು ಬೇರೆಯೇ ಇದೆ. ಮನೆಯಲ್ಲಿ ಆರು ಜನ, ಕುರ್ಚಿಗಳು ನಾಲ್ಕು. ಗಂಡಸರು, ಮಕ್ಕಳು ಉಂಡೇಳುವವರೆಗೆ ಸೊಸೆ ನಿಂತೇ ಬಡಿಸಿ, ಕೊನೆಗೆ ಅಡುಗೆಮನೆಯ ಕಟ್ಟೆಯ ಬಳಿ ಒಬ್ಬಳೇ ಆರಿದ ಅನ್ನವನ್ನು ಉಣ್ಣುತ್ತಾಳೆ. ನೆಲದ ಪಂಕ್ತಿಯಲ್ಲಿಯೂ ಇದು ನಡೆದೇ ಇತ್ತು ಎನ್ನುವಿರಿ, ನಿಜ. ಆದರೆ 12ನೆಯ ಶತಮಾನದ ಶರಣರನ್ನು ನೆನೆಯುವ ಮನೆಗಳಲ್ಲಿ ಈ ಪಂಕ್ತಿಭೇದ ಇನ್ನೂ ಏಕೆ ಉಳಿಯಬೇಕು? ಇನ್ನೆರಡು ಕುರ್ಚಿ ತನ್ನಿ. ರಾತ್ರಿಯ ಊಟಕ್ಕಾದರೂ ಪಲ್ಯ, ಅನ್ನ, ಸಾರಿನ ಪಾತ್ರೆಗಳನ್ನು ಮೇಜಿನ ನಡುವೆ ಇಟ್ಟು ಆಕೆಯೂ ಜೊತೆಯಲ್ಲಿಯೇ ಕುಳಿತುಕೊಳ್ಳಲಿ. ಖಡಕ್ ರೊಟ್ಟಿ ಮಾಡಿಟ್ಟಿದ್ದರೆ ಒಲೆಯ ಮುಂದೆ ಯಾರೂ ನಿಲ್ಲಬೇಕಾಗಿಯೇ ಇಲ್ಲ.