ತಿಂಗಳಿಗೆ ನೂರು ರೂಪಾಯಿ

ಸರ್ಕಾರಿ ಶಾಲೆಯ ಮಕ್ಕಳ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಲು ಎಸ್‌ಡಿಎಂಸಿಗಳಿಗೆ ಅವಕಾಶ ಕೊಟ್ಟು ಕರ್ನಾಟಕದ ಶಿಕ್ಷಣ ಇಲಾಖೆ 2022ರ ಅಕ್ಟೋಬರಿನಲ್ಲಿ ಸುತ್ತೋಲೆ ಹೊರಡಿಸಿತು. ಕುಡಿಯುವ ನೀರು, ವಿದ್ಯುತ್ ಬಿಲ್ಲಿನಂಥ ಖರ್ಚಿಗಂತೆ! ಗದ್ದಲವೆದ್ದಿತು, ಕೆಲವೇ ದಿನಗಳಲ್ಲಿ ಸುತ್ತೋಲೆ ವಾಪಸಾಯಿತು.

ದೇಣಿಗೆ ಸ್ವಯಂಪ್ರೇರಿತ ಎಂದೇನೋ ಅದರಲ್ಲಿತ್ತು. ಆದರೆ ಮಗುವಿನ ಮೇಷ್ಟರೇ ರಸೀದಿ ಪುಸ್ತಕ ಹಿಡಿದು ನಿಂತರೆ, ಕೂಲಿಗೆ ಹೋಗುವ ತಾಯಿ ಒಲ್ಲೆ ಎನ್ನುವುದು ಹೇಗೆ? ಎಲ್ಲರೂ ಮನಸಾರೆ ಕೊಟ್ಟರೆಂದೇ ಇಟ್ಟುಕೊಳ್ಳೋಣ. ಅನುಕೂಲಸ್ಥರ ಊರಿನ ಶಾಲೆಗೆ ನಲ್ಲಿ ಬಂದೀತು, ಕೂಲಿಕಾರರ ಹಟ್ಟಿಯ ಶಾಲೆ ಇದ್ದಂತೆಯೇ ಉಳಿದೀತು. ಒಂದೂರಿನ ತೆರಿಗೆ ಇನ್ನೊಂದೂರಿಗೆ ಹೋಗಬಲ್ಲದು, ದೇಣಿಗೆ ಹೋಗದು.

ಊರವರು ಶಾಲೆಗೆ ಜಾಗ ಬಿಟ್ಟುಕೊಟ್ಟದ್ದು, ಕೋಣೆ ಕಟ್ಟಿಸಿದ್ದು ಈ ನಾಡಿಗೆ ಹೊಸದಲ್ಲ. ಅದು ಔದಾರ್ಯ. ಕರೆಂಟು ಬಿಲ್ಲಿಗೆ ತಿಂಗಳ ವಂತಿಗೆ ಎತ್ತುವುದು ಬೇರೆಯೇ ಮಾತು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 7ನೇ ಕಲಮು, ಹಣ ಒದಗಿಸುವ ಹೊಣೆಯನ್ನು ಕೇಂದ್ರ, ರಾಜ್ಯ ಸರ್ಕಾರಗಳೆರಡರ ಮೇಲೂ ಹೊರಿಸಿದೆ. ಪೋಷಕರ ಹೆಸರು ಅಲ್ಲಿಲ್ಲ. ಶಿಕ್ಷಣಕ್ಕೆ ರಾಷ್ಟ್ರೀಯ ಆದಾಯದ ಶೇ. 6ರಷ್ಟು ಬೇಕೆಂದು ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು. 2020ರ ಶಿಕ್ಷಣ ನೀತಿಯೂ ಅದೇ ಆರನ್ನು ಗುರಿಯೆಂದು ಬರೆದುಕೊಂಡಿತು.

2023ರ ರಾಜ್ಯೋತ್ಸವದಂದು ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ತು, ನೀರು ಘೋಷಣೆಯಾಯಿತು. ಸುತ್ತೋಲೆಯ ಪಟ್ಟಿಯಲ್ಲಿ ಎರಡು ಬಾಬತ್ತು ಹಾಗೆ ಕಡಿಮೆಯಾದವು.